ಎರಡನೇ ಸಲ ಬಾಗಿಲು ತಟ್ಟದವಳು

ಹೆರಿಗೆ ರಜೆಯ ನಿಯಮ ತಿಳಿಸುತ್ತಿದ್ದ ಜಾಲಪುಟವನ್ನು ಅಧಿಕಾರಿಗಳು ಕೊಂದರು. ಓದುವವರಿಲ್ಲ ಎಂಬ ಸುಳ್ಳು ಲೆಕ್ಕ ನಂಬಿ ಕೊಂದರು.

ಲೆಕ್ಕ ಬರೆದದ್ದು ಪುಟದ ಬಾಗಿಲಲ್ಲಿ ಕೂತ ಎಣಿಕೆಯಂತ್ರ. ಬಂದವರು ಒಮ್ಮೆ ಬಾಗಿಲು ತಟ್ಟಿ ಮತ್ತೆ ತಟ್ಟುವವರೆಗಿನ ಹೊತ್ತನ್ನೇ ಅದು ಓದಿದ ಹೊತ್ತೆಂದು ಅಳೆಯುತ್ತಿತ್ತು. ಮತ್ತೆ ತಟ್ಟದಿದ್ದರೆ ಸೊನ್ನೆ.

ಪುಟ ಅಳಿಸುವ ಆದೇಶ ಬಂದಾಗ ಗಾರ್ಮೆಂಟ್ಸ್ ಕೆಲಸದ ನಾಗವೇಣಿಯ ಕೈಯ ಫೋನು ತಾನೇ ಅಡ್ಡ ಬಂದು ಎಣಿಕೆಯಂತ್ರದೊಡನೆ ಮಾತಿಗಿಳಿಯಿತು.

“ಯಂತ್ರರಾಯರೇ, ತಡೆಯಿರಿ. ಎಂಟು ತಿಂಗಳ ಬಸುರಿ ನಾಗವೇಣಿ ಮೂರು ದಿನದಿಂದ ಇದನ್ನೇ ಓದುತ್ತಿದ್ದಾಳೆ.”

“ಒಂದು ಸಲ ಬಂದಳು, ಆಮೇಲೆ ಪತ್ತೆಯಿಲ್ಲ. ಸೊನ್ನೆ ನಿಮಿಷ.”

“ಹೊಲಿಗೆ ಕೋಣೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ನಾನು ಪುಟದ ನಕಲನ್ನು ನನ್ನೊಳಗೆ ಇಟ್ಟುಕೊಂಡೆ. ಅದನ್ನು ಅವಳು ಪಕ್ಕದ ಮೆಷಿನ್ನಿನವರಿಗೂ ಓದಿ ಹೇಳುತ್ತಾಳೆ.”

“ಊಟ ಕಟ್ಟಿಸಿಕೊಂಡು ಹೋದವರ ಹಿಂದೆ ಹೋಗಿ, ಎಷ್ಟು ಹೊತ್ತು ಉಂಡಿರಿ ಎಂದು ಕೇಳಲೇನು?”

“ಹಾಗಾದರೆ ಗೊತ್ತಿಲ್ಲ ಎಂದು ಬರೆಯಿರಿ. ಸೊನ್ನೆ ಏಕೆ?”

“ಗೊತ್ತಿಲ್ಲ ಎಂದು ಬರೆಯಲು ನನಗೆ ಜಾಗ ಕೊಟ್ಟಿಲ್ಲ.”

ಪುಟ ಅಳಿಯಿತು. ಒಂದು ವಾರದ ನಂತರ ನಾಗವೇಣಿ ರಜೆ ಕೇಳಿದಳು. “ಅಂಥ ನಿಯಮ ಎಲ್ಲಿದೆಯಮ್ಮ, ತೋರಿಸು” ಎಂದ ಸೂಪರ್‌ವೈಸರ್. ಅವಳು ಫೋನು ತೆರೆದಳು. ಅಷ್ಟರಲ್ಲಿ ಒಳಗೆ ಜಾಗ ಸಾಲದೆ ಫೋನು ಆ ನಕಲನ್ನು ತಾನೇ ಅಳಿಸಿಕೊಂಡಿತ್ತು. ನಾಗವೇಣಿ ಹೊಟ್ಟೆ ಹಿಡಿದುಕೊಂಡು ಮೆಷಿನ್ನಿಗೆ ಮರಳಿದಳು.

ನಿಮ್ಮ ಫೋನಿನಲ್ಲಿ ಆ ಪುಟ ಇನ್ನೂ ಉಳಿದಿದೆಯೇ ನೋಡಿ. ಉಳಿದಿದ್ದರೆ ಇವತ್ತೇ ಕಾಗದದ ಮೇಲೆ ಅಚ್ಚು ಹಾಕಿಸಿ, ಕಾರ್ಖಾನೆಯ ಗೇಟಿಗೆ ಅಂಟಿಸಿ.