ಬಂಡೆಪಟ್ಟಣದ ಕಾಡುಗೆಣಸು

ಒಂದು ಕಾಡಿನಲ್ಲಿ, ದೊಡ್ಡ ಗುಡ್ಡದ ಗವಿಗಳೊಳಗೆ ನೂರಾರು ಪ್ರಾಣಿಗಳು ಒತ್ತೊತ್ತಾಗಿ ವಾಸವಾಗಿದ್ದವು. ಆ ಊರಿಗೆ ಬಂಡೆಪಟ್ಟಣ ಎಂದು ಹೆಸರು. ಪಟ್ಟಣಕ್ಕೆಲ್ಲ ಕಾಡುಗೆಣಸು ತಂದು ಹಾಕುತ್ತಿದ್ದುದು ಒಂದು ನರಿ. ಹೊಳೆಯಾಚೆಯ ಬಯಲಿನಿಂದ ಜೀವದ ಹಂಗು ತೊರೆದು ತರುತ್ತೇನೆ ಎಂದು ಅದು ಹೇಳುತ್ತಿತ್ತು. ಗುಡ್ಡದ ಸುತ್ತ ಏನೂ ಬೆಳೆಯುವುದಿಲ್ಲ, ಅಲ್ಲಿ ಚಿರತೆಯ ಕಾಟ ಬೇರೆ ಎಂದೂ ಹೆದರಿಸಿತ್ತು. ಹೀಗಾಗಿ ಊರಿನ ಅತಿ ಒಳ್ಳೆಯ ಗವಿ ನರಿಯದೇ, ಗೆಣಸಿನಲ್ಲಿ ಅರ್ಧಪಾಲೂ ನರಿಯದೇ.

ಒಂದು ವರ್ಷ ಗೆಣಸು ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು. ಮರಿಗಳು ಅರೆಹೊಟ್ಟೆಯಲ್ಲಿ ಮಲಗತೊಡಗಿದವು. ಬಿಳಿಮೂತಿ ಎಂಬ ಮೊಲಕ್ಕೆ ಹೀಗೇಕೆ ಎಂಬ ಕುತೂಹಲ ಹುಟ್ಟಿತು. ಅದು ಗೆಣಸೊಂದನ್ನು ತಿರುಗಿಸಿ ನೋಡಿತು, ಮೂಸಿ ನೋಡಿತು. ಹೊಳೆಯಾಚೆ ಇರುವುದು ಕರಿಮಣ್ಣು ಎಂದು ಅಲ್ಲಿಗೆ ಹಾರಿಹೋಗಿ ಬರುವ ಕೊಕ್ಕರೆಯೊಂದು ಹೇಳಿದ್ದುಂಟು. ಈ ಗೆಣಸಿಗೆ ಅಂಟಿದ್ದುದು ಕೆಂಪು ಮಣ್ಣು.

ಮರುದಿನ ಬೆಳಿಗ್ಗೆ ಬಿಳಿಮೂತಿ ಮುದಿ ಮುಳ್ಳುಹಂದಿಯನ್ನು ಕರೆದುಕೊಂಡು ಗುಡ್ಡ ಇಳಿಯಿತು. ಚಿರತೆಯ ಹೆಜ್ಜೆ ಎಲ್ಲೂ ಕಾಣಲಿಲ್ಲ. ಹಳ್ಳದ ದಂಡೆಯಲ್ಲಿ ನೆಲ್ಲಿಮರಗಳಿದ್ದವು. ತಗ್ಗಿನಲ್ಲಿ ಕಾಡುಹುಲ್ಲು ತೆನೆ ಬಿಟ್ಟಿತ್ತು. ಅದರ ಪಕ್ಕದ ಕೆಂಪು ನೆಲದ ತುಂಬ ಗುಂಡಿಗಳು, ಕಿತ್ತು ಬಿಸಾಡಿದ ಒಣಬಳ್ಳಿಗಳು. ಕೊನೆಯ ಗುಂಡಿಯಲ್ಲಿ ತಲೆ ಹುದುಗಿಸಿ ನರಿ ಕೆರೆಯುತ್ತಿತ್ತು.

“ನರಿಯಣ್ಣ, ಹೊಳೆಯಾಚೆಯ ಬಯಲು ಇದೇ ಏನು?” ಎಂದು ಮೊಲ ಕೇಳಿತು.

ನರಿ ಬೆಚ್ಚಿಬಿದ್ದಿತು. ಇವತ್ತೊಂದು ದಿನ ಮಾತ್ರ ಇಲ್ಲಿಗೆ ಬಂದೆ ಎಂದಿತು. ಸಂಜೆ ಊರೆಲ್ಲ ಸೇರಿ ವಿಚಾರಿಸಿದಾಗಲೂ ಅದನ್ನೇ ಸಾಧಿಸಿತು. ಹಾಗಾದರೆ ನಾಳೆ ಆ ಬಯಲನ್ನು ನಮಗೂ ತೋರಿಸು ಎಂದು ಪ್ರಾಣಿಗಳು ಪಟ್ಟು ಹಿಡಿದವು.

ಹೊಳೆಯ ದಡಕ್ಕೆ ಬಂದರೆ, ಎಲ್ಲಿ ದಾಟಬೇಕೆಂಬುದೇ ನರಿಗೆ ಗೊತ್ತಿಲ್ಲ. ನೀರಿಗಿಳಿದು ಎರಡೇ ಹೆಜ್ಜೆಗೆ ಮುಳುಗಿತು. ಕಾಡುಹಂದಿ ಬಾಲ ಕಚ್ಚಿ ಅದನ್ನು ಮೇಲಕ್ಕೆಳೆಯಿತು. ತಾನು ಹೊಳೆ ದಾಟಿದ್ದೇ ಇಲ್ಲ, ಗೆಣಸೆಲ್ಲ ಗುಡ್ಡದ ಬುಡದ್ದೇ, ಚಿರತೆಯ ಮಾತೂ ಸುಳ್ಳು ಎಂದು ನರಿ ಒಪ್ಪಿಕೊಂಡಿತು.

ನರಿಯ ಗವಿ ಹೋಯಿತು, ಅರ್ಧಪಾಲೂ ಹೋಯಿತು. ಆದರೆ ಊರಿನ ಹಸಿವು ಹೋಗಿರಲಿಲ್ಲ. ಯಾವ ಕಾಲಕ್ಕೆ ಎಲ್ಲಿ ಏನು ಸಿಗುತ್ತದೆ ಎಂದು ಪ್ರಾಣಿಗಳು ಹಕ್ಕಿಗಳನ್ನು ಕೇಳಿದವು, ಕಪ್ಪೆಗಳನ್ನು ಕೇಳಿದವು. ನೆಲ್ಲಿಕಾಯಿ, ಹುಲ್ಲಿನ ಕಾಳು ತಿಂದು ಬೇಸಿಗೆ ಕಳೆದವು. ಅಳಿದುಳಿದ ಗೆಣಸಿನಲ್ಲಿ ಬಳ್ಳಿಯಿರುವ ತುದಿಯನ್ನು ತಿನ್ನದೆ ಮತ್ತೆ ಗುಂಡಿಯಲ್ಲಿ ಹೂಳಬೇಕು ಎಂದು ಮುಳ್ಳುಹಂದಿ ಕಲಿಸಿಕೊಟ್ಟಿತು. ಹೂಳುವ ಕೆಲಸ ನರಿಯ ಪಾಲಿಗೆ ಬಂತು.

ಮಳೆ ಬಿದ್ದ ಮೇಲೆ ಗುಂಡಿಗಳಿಂದ ಹಸಿರು ಬಳ್ಳಿ ಎದ್ದಿತು. ನರಿ ಅದರ ಪಕ್ಕ ಕುಳಿತು ಬಹಳ ಹೊತ್ತು ನೋಡಿತು.

“ಬಿಳಿಮೂತಿ, ಇದು ಮುಂದಿನ ವರ್ಷವೂ ಇರುತ್ತದೆಯೇ?” ಎಂದು ಕೇಳಿತು.

“ನೀನು ನೆಡುತ್ತಿದ್ದರೆ ಇರುತ್ತದೆ,” ಎಂದಿತು ಮೊಲ.

ನೀತಿ: ತಿನ್ನುವ ಆಹಾರ ಎಲ್ಲಿಂದ ಬರುತ್ತದೆಂದು ಊರಿನವರೆಲ್ಲ ತಿಳಿದಿರಬೇಕು, ಅದು ಬೆಳೆಯುವ ನೆಲವನ್ನು ಎಲ್ಲರೂ ಕೂಡಿ ಕಾಪಾಡಬೇಕು.