ಎರಡು ಹನಿಗಳ ನಡುವೆ

ಹೊಳೆಯ ದಂಡೆಯಲ್ಲಿ ಹಾವನೂರ ಮಾಸ್ತರರ ಮನೆ. ಹನಿ, ಗುಳ್ಳೆ, ನೊರೆಗಳ ಲೆಕ್ಕ ಮಾಡುತ್ತಲೇ ಅವರ ತಲೆ ಬೆಳ್ಳಗಾಗಿತ್ತು. ಪಾಠ ಹೊಂಗೆಯ ನೆರಳಿನಲ್ಲಿ, ಶಿಷ್ಯರ ಲ್ಯಾಪ್‌ಟಾಪಿಗೆ ಒಂದು ಮಣೆ.

ಇಂದುಧರ ಐದು ವರ್ಷದಿಂದ ಅವರ ಶಿಷ್ಯ. ಸೋಪಿನ ನೀರಲ್ಲಿ ತೇಲುವ ಎರಡು ಎಣ್ಣೆಹನಿ ಎಷ್ಟು ಹೊತ್ತಿಗೆ ಒಂದಾಗುತ್ತವೆ? ಪಾಪ, ಇದೊಂದೇ ಪ್ರಶ್ನೆಗೆ ಹಗಲೂ ರಾತ್ರಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದ. ಪಿಎಚ್‌ಡಿ ಪ್ರಬಂಧ ಒಪ್ಪಿಸಲು ನಾಳೆಯೇ ಕೊನೆ. ಗುರುವಿನ ಸಹಿ ಬೀಳದಿದ್ದರೆ ಐದು ವರ್ಷ ಮಣ್ಣುಪಾಲು.

"ಹನ್ನೊಂದು ಸೆಕೆಂಡ್ ರೀ, ಸರ್," ಎಂದ.

ಪರದೆಯ ಮೇಲೆ ಎರಡು ಹನಿ ಹತ್ತಿರ ಸರಿದು, ಮುಟ್ಟಿ, ಒಂದಾದವು.

ಮಾಸ್ತರರು ಒಳಗೆ ಹೋಗಿ ತಟ್ಟೆಯಲ್ಲಿ ಸೋಪಿನ ನೀರು ತಂದರು. ಎರಡು ಹನಿ ಎಣ್ಣೆ ಬಿಟ್ಟರು.

"ಎಣಸು, ತಮ್ಮಾ."

ಹನ್ನೊಂದಾಯಿತು. ನೂರಾಯಿತು. ಹನಿಗಳು ಮೈಗೆ ಮೈ ತಾಗಿಸಿ ನಿಂತಿದ್ದವು, ಒಂದಾಗಲಿಲ್ಲ. ಹೊಳೆಯ ಮೇಲಿನ ಮಂಜು ಕರಗಿ ಎಳೆಬಿಸಿಲು ತಟ್ಟೆಗೆ ಇಳಿಯಿತು. ಎಣಿಸುತ್ತಿರುವುದು ತಾನೋ ಹೊಳೆಯೋ ಇಂದುಧರನಿಗೆ ತಿಳಿಯದಾಯಿತು.

"ಯಾಕ ಕೂಡವಲ್ವು ಸರ್?"

"ನಡುವ ನೀರು ಐತಿ. ಕೂದಲಕಿಂತ ಸಾವಿರ ಪಾಲು ತೆಳ್ಳಗ. ಅದು ಸರಿದು ಹೋಗೂತನಕ ಕಾಯತಾವ."

"ನನ್ನ ಲೆಕ್ಕದಾಗ ಕೂಡಿದ್ವಲ್ರೀ."

"ನಿನ್ನ ಲೆಕ್ಕದಾಗ ಚೌಕ ಎಷ್ಟು ದೊಡ್ಡವು?"

ಇಂದುಧರ ತಲೆ ತಗ್ಗಿಸಿದ. ಲೆಕ್ಕಕ್ಕೆಂದು ನೀರನ್ನು ಸಣ್ಣ ಸಣ್ಣ ಚೌಕಗಳಾಗಿ ಸೀಳಿದ್ದ. ಒಂದು ಚೌಕಕ್ಕಿಂತ ತೆಳುವಾದ ನೀರು ಕಂಪ್ಯೂಟರಿಗೆ ಕಾಣುವುದಿಲ್ಲ. ಕಾಣದಿದ್ದರೆ ಅದು ನೀರೇ ಇಲ್ಲವೆಂದು ಹನಿಗಳನ್ನು ಕೂಡಿಸಿಬಿಡುತ್ತದೆ. ಎರಡು ವರ್ಷದ ಹಿಂದೆಯೇ ಅವನಿಗೆ ಇದು ಹೊಳೆದಿತ್ತು. ಚಿತ್ರ ಚೆಂದ ಬಂದಿತ್ತು, ಸುಮ್ಮನಿದ್ದ.

"ನಿಮಗ ಹೇಳಬೇಕಿತ್ತು," ಎಂದ. ಆದರೂ ಆಸೆ ಬಿಡದೆ, ಅಚ್ಚಾದ ಪ್ರಬಂಧವನ್ನು ಅವರ ಮುಂದಿಟ್ಟ. "ಮೊದಲಿಂದ ಮಾಡಾಕ ಇನ್ನೆರಡು ವರ್ಷ ಬೇಕ್ರೀ. ಸಹಿ ಮಾಡ್ರಿ ಸರ್. ಪರೀಕ್ಷಕರಿಗೆ ಈ ನೀರು ಕಾಣೂದಿಲ್ಲ."

"ಖರೇನ, ಕಾಣೂದಿಲ್ಲ."

ಮಾಸ್ತರರು ಜೇಬಿನಿಂದ ಪೆನ್ನು ತೆಗೆದರು. ಅದರ ಟೋಪಿ ಬಿಚ್ಚಿ, ಪ್ರಬಂಧದ ಮೇಲೆ ಇಡದೆ, ಇಂದುಧರನ ಕೈಗೆ ಕೊಟ್ಟರು.

"ನನ್ನ ಸಹಿ ನೀನ ಮಾಡು, ತಮ್ಮಾ. ಕಾಣದ್ದೆಲ್ಲಾ ಇಲ್ಲ ಅನ್ನೂದಾದ್ರ, ನಾಳೆ ಪರೀಕ್ಷಕರಿಗೆ ನಾನೂ ಕಾಣೂದಿಲ್ಲ."