ಬಾಗಿಲಾಗಿದ್ದ ಹಲಗೆ

ಸಂಗೀತ ಕಚೇರಿಯ ಗಿಟಾರು ಮಾಡುವುದರಲ್ಲಿ ಇನಾಸ ಪೊರ್ಬುಗಳನ್ನು ಮೀರಿಸುವವರಿರಲಿಲ್ಲ. ಹಲಗೆ ಕೀಸುವುದು, ಬೆರಳ ಗೆಣ್ಣಿನಿಂದ ತಟ್ಟುವುದು, ಕಿವಿಯಿಟ್ಟು ಕೇಳುವುದು, ಮತ್ತೆ ಕೀಸುವುದು, ಅದೇ ಅವರ ಪದ್ಧತಿ. ಒಮ್ಮೆ ಪಾಳುಮನೆಯೊಂದರ ಹಲಸಿನ ಬಾಗಿಲನ್ನು ತಂದು, ಗಿಟಾರಿನ ಮೇಲ್ಹಲಗೆಗೆಂದು ಕೀಸಿ ತಟ್ಟಿದರು.

"ಯಾರು?" ಎಂದಿತು ಹಲಗೆ.

"ನಾನೇ, ಇನಾಸ. ನಿನ್ನ ದನಿ ನೋಡುತ್ತಿದ್ದೇನೆ."

"ಬಾಗಿಲಾಗಿದ್ದೆನಲ್ಲ, ತಟ್ಟಿದರೆ ಯಾರು ಅಂತ ಕೇಳಿಯೇ ರೂಢಿ. ಇಷ್ಟು ದಪ್ಪ ಇರಲಿ, ಪೊರ್ಬುಗಳೇ. ನೂರು ವರ್ಷ ಒಂದನ್ನು ಒಳಗೆ ಬಿಡದೆ ತಡೆದಿದ್ದೇನೆ. ಅದು ಇನ್ನೂ ನನ್ನ ಬೆನ್ನಿಗೆ ಒರಗಿಕೊಂಡೇ ಇದೆ."

ಪೊರ್ಬುಗಳು ನಕ್ಕು ಕೀಸಿದರು. ಕೀಸಿದಷ್ಟೂ ದನಿ ಇಂಪಾಗುತ್ತಿತ್ತು.

"ಒಳ್ಳೇ ದನಿ ಬಂದಾಯಿತು, ಇನ್ನು ಸಾಕು ಮಾಡಿ" ಎಂದಿತು ಅವರ ಕೈಯಲ್ಲಿ ಕೀಸುತ್ತಿದ್ದ ಉಜ್ಜುಗೊರಡು.

"ಇನ್ನೊಂದೇ ಪದರ" ಎಂದು ಅವರು ಅದನ್ನೂ ತೆಗೆದರು. ಹಲಗೆಯನ್ನು ಕಿಟಕಿಗೆ ಎತ್ತಿ ಹಿಡಿದರೆ ಬಿಸಿಲು ಕೆಂಪಗೆ ಹಾದು ಬಂತು. ನಡುವೆ ಒಂದು ನೆರಳು ನಿಂತಿತ್ತು.

ತಟ್ಟಲೆಂದು ಬೆರಳು ಮಡಚಿದರು. ಮುಟ್ಟುವ ಮೊದಲೇ ಆಚೆಯಿಂದ ಮೂರು ಸಲ ತಟ್ಟಿದ ಸದ್ದಾಯಿತು. ದನಿ ಅವರು ಬಯಸಿದಷ್ಟೇ ಇಂಪಾಗಿತ್ತು.

"ಯಾರು ಅಂತ ಈ ಸಲ ನೀವೇ ಕೇಳಿ, ಪೊರ್ಬುಗಳೇ" ಎಂದಿತು ಹಲಗೆ. "ನನ್ನಲ್ಲಿ ತಡೆಯುವಷ್ಟು ಮರ ಉಳಿದಿಲ್ಲ."